ಜರ್ಮನಿಯಲ್ಲಿ ಓದುವವರ ವಾರಾಂತ್ಯದ ರೈಲು ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ನಾತಕೋತ್ತರ ಪದವಿಗೆಂದು ಜರ್ಮನಿಗೆ ಬಂದಿರುವ ಕನ್ನಡಿಗ ವಿದ್ಯಾರ್ಥಿಗಳು ಮೊದಲ ಸೆಮಿಸ್ಟರ್‌ನಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಶುಕ್ರವಾರ ಸಂಜೆ ಅಥವಾ ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿಯೊಳಗೆ ಕೋಣೆ ಸೇರುವ ಪ್ರವಾಸಗಳನ್ನಷ್ಟೇ ಇಲ್ಲಿ ಗಮನದಲ್ಲಿ ಇಟ್ಟುಕೊಳ್ಳಲಾಗಿದೆ. ಸೆಮಿಸ್ಟರ್ ರಜೆಯಲ್ಲಿ ವಾರಗಟ್ಟಲೆ ತಿರುಗುವವರ ಲೆಕ್ಕಾಚಾರವೇ ಬೇರೆ. ದರಗಳು ಮತ್ತು ನಿಯಮಗಳು 2026ರ ಆರಂಭದಲ್ಲಿ ಇದ್ದಂತೆ ಇವೆ.

ವಿದ್ಯಾರ್ಥಿಯ ಖರ್ಚಿನಲ್ಲಿ ಇದೆಲ್ಲ ನಿಭಾಯಿಸಲು ಆಗುತ್ತದೆಯೇ?

ವೀಸಾಕ್ಕಾಗಿ ತೆರೆಯುವ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೊ. ಬಾಡಿಗೆ, ಆರೋಗ್ಯ ವಿಮೆ ಮತ್ತು ದಿನಸಿ ಕಳೆದ ಮೇಲೆ ಉಳಿಯುವ ಹಣದಲ್ಲಿ ಪ್ಯಾರಿಸ್‌ಗೂ ವಿಯೆನ್ನಾಕ್ಕೂ ತಿಂಗಳಿಗೊಮ್ಮೆ ಹೋಗಿಬರುತ್ತೇನೆ ಎಂದರೆ ಆಗದ ಮಾತು. ಆದರೆ ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಪ್ರವಾಸಕ್ಕೆ ಊಟದ ಹೊರತು ಬೇರೆ ಖರ್ಚೇ ಇಲ್ಲದಂತೆ ಮಾಡಿಕೊಳ್ಳಬಹುದು, ಏಕೆಂದರೆ ಬಹುತೇಕ ವಿದ್ಯಾರ್ಥಿಗಳು ಸೆಮಿಸ್ಟರ್ ಶುಲ್ಕದ ಜೊತೆಗೇ ಇಡೀ ದೇಶಕ್ಕೆ ಅನ್ವಯಿಸುವ ರೈಲು ಟಿಕೆಟಿನ ಹಣವನ್ನೂ ಕಟ್ಟಿರುತ್ತಾರೆ. ಪ್ರವಾಸದ ಖರ್ಚನ್ನು ಏರಿಸುವುದು ರೈಲಿಗಿಂತ ಹೆಚ್ಚಾಗಿ ಶನಿವಾರ ರಾತ್ರಿಯ ವಾಸ್ತವ್ಯ. ಆದ್ದರಿಂದ ಮೊದಲ ಕೆಲವು ತಿಂಗಳು ರಾತ್ರಿ ತಂಗದ ಪ್ರವಾಸಗಳನ್ನೇ ಮಾಡಿ, ದೂರದ ಊರುಗಳಿಗೆ ಹಣ ಕೂಡಿಡುವುದು ಒಳ್ಳೆಯದು.

ಡಾಯ್ಚ್‌ಲಾಂಡ್ ಟಿಕೆಟ್ ಎಂದರೆ ಏನು? ಅದರಲ್ಲಿ ಯಾವ ರೈಲು ಹತ್ತಬಹುದು?

2023ರ ಮೇ 1ರಂದು ತಿಂಗಳಿಗೆ 49 ಯೂರೊ ದರದಲ್ಲಿ ಆರಂಭವಾದ ಈ ಮಾಸಿಕ ಪಾಸಿನ ಬೆಲೆ 2025ರಲ್ಲಿ 58 ಯೂರೊಗೆ, 2026ರ ಜನವರಿಯಿಂದ 63 ಯೂರೊಗೆ ಏರಿದೆ. ವಿಶ್ವವಿದ್ಯಾಲಯಗಳ ಮೂಲಕ ಸಿಗುವ ಸೆಮಿಸ್ಟರ್ ಆವೃತ್ತಿಗೆ ಇದರ ಶೇಕಡ 60ರಷ್ಟು ದರ ಮಾತ್ರ. ನಿಮ್ಮ ವಿಶ್ವವಿದ್ಯಾಲಯ ಇದನ್ನು ಕೊಡುತ್ತದೆಯೇ ಎಂಬುದನ್ನು ಪ್ರವೇಶ ಪಡೆಯುವಾಗಲೇ ಕೇಳಿ ತಿಳಿದುಕೊಳ್ಳಬೇಕು.

ವೇಳಾಪಟ್ಟಿಯಲ್ಲಿ ರೈಲಿನ ಸಂಖ್ಯೆಯ ಮುಂದೆ ಆರ್‌ಇ, ಆರ್‌ಬಿ ಅಥವಾ ಎಸ್ ಎಂದಿದ್ದರೆ ಅದು ಪ್ರಾದೇಶಿಕ ಅಥವಾ ನಗರದ ಸುತ್ತಲಿನ ರೈಲು, ಸಾಮಾನ್ಯವಾಗಿ ಹತ್ತಬಹುದು. ಊರೊಳಗಿನ ಮೆಟ್ರೊ, ಟ್ರಾಮ್ ಮತ್ತು ಬಸ್ಸುಗಳಿಗೂ ಅದೇ ಟಿಕೆಟ್ ಸಾಕು. ಐಸಿಇ, ಐಸಿ, ಇಸಿ ಎಂಬ ದೂರಪ್ರಯಾಣದ ವೇಗದ ರೈಲುಗಳಿಗೂ ಫ್ಲಿಕ್ಸ್‌ಟ್ರೇನ್ ಎಂಬ ಖಾಸಗಿ ಕಂಪನಿಯ ರೈಲುಗಳಿಗೂ ಇದು ನಡೆಯುವುದಿಲ್ಲ. ಟಿಕೆಟ್ ನಿಮ್ಮ ಹೆಸರಿನಲ್ಲಿರುವುದರಿಂದ ಗೆಳೆಯರಿಗೆ ಕೊಡುವಂತಿಲ್ಲ, ಜೊತೆಗೆ ಗುರುತಿನ ಚೀಟಿ ಇರಲೇಬೇಕು. ಸೆಮಿಸ್ಟರ್ ಆವೃತ್ತಿ ಸಿಗದೆ ಸ್ವಂತವಾಗಿ ಕೊಂಡವರು ಇದು ತಾನಾಗಿಯೇ ಮುಂದುವರಿಯುವ ಚಂದಾ ಎಂಬುದನ್ನು ಮರೆಯಬಾರದು: ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಹೋಗುತ್ತದೆ.

ಈ ಟಿಕೆಟ್ ಹಿಡಿದು ದೇಶದ ಗಡಿ ದಾಟಬಹುದೇ?

ಅಧಿಕೃತವಾಗಿ ಇದು ಜರ್ಮನಿಯೊಳಗಿನ ಟಿಕೆಟ್. ಆದರೆ ಗಡಿಯಾಚೆಗಿನ ಕೆಲವು ನಿಲ್ದಾಣಗಳವರೆಗೂ ಇದಕ್ಕೆ ಮಾನ್ಯತೆಯಿದೆ, ವಾರಾಂತ್ಯದ ಪ್ರವಾಸಿಗನಿಗೆ ಇದರಷ್ಟು ಉಪಯುಕ್ತವಾದ ವಿಷಯ ಇನ್ನೊಂದಿಲ್ಲ. ಮ್ಯೂನಿಕ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಎರಡು ಗಂಟೆಯೊಳಗೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣವನ್ನು ಬೇರೆ ಟಿಕೆಟ್ ಇಲ್ಲದೆ ತಲುಪಬಹುದು. ಅದೇ ರೀತಿ ಆಸ್ಟ್ರಿಯಾದ ಕುಫ್‌ಸ್ಟೈನ್‌ವರೆಗೂ ಹೋಗಬಹುದು. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ ಬಾಡಿಷರ್ ಬಾನ್‌ಹೋಫ್ ಎಂಬ ನಿಲ್ದಾಣವಿದೆ. ಅದು ಸ್ವಿಸ್ ನೆಲದ ಮೇಲಿದ್ದರೂ ಅದನ್ನು ನಡೆಸುವುದು ಜರ್ಮನ್ ರೈಲ್ವೆ. ಅಲ್ಲಿಯವರೆಗೆ ಈ ಟಿಕೆಟ್ ಸಾಕು, ಅಲ್ಲಿಂದ ಮುಂದಿನ ಟ್ರಾಮ್‌ಗೆ ಮಾತ್ರ ಸ್ವಿಸ್ ದರ ತೆರಬೇಕು.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಗುವ ಬಗೆ ಇನ್ನೂ ಸೊಗಸಾಗಿದೆ. ಜರ್ಮನಿಯ ಕೊನೆಯ ಊರಾದ ಕೇಲ್‌ವರೆಗೆ ರೈಲಿನಲ್ಲಿ ಹೋಗಿ ಇಳಿದರೆ, ನಿಲ್ದಾಣದ ಬಳಿಯಲ್ಲೇ ಸ್ಟ್ರಾಸ್‌ಬರ್ಗ್ ನಗರದ ಡಿ ಮಾರ್ಗದ ಟ್ರಾಮ್ ಸಿಗುತ್ತದೆ. 2017ರಲ್ಲಿ ಈ ಮಾರ್ಗವನ್ನು ರೈನ್ ನದಿಯ ಮೇಲೆ ಸೇತುವೆ ಕಟ್ಟಿ ಜರ್ಮನಿಗೆ ತರಲಾಯಿತು. ಟ್ರಾಮ್ ಟಿಕೆಟ್ ಕೊಂಡು ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ಹಳೆಯ ಊರಿನ ನಡುವೆ ಇರುತ್ತೀರಿ. 142 ಮೀಟರ್ ಎತ್ತರದ, ಒಂದೇ ಗೋಪುರವಿರುವ ಅಲ್ಲಿನ ಕ್ಯಾಥೆಡ್ರಲ್ 1647ರಿಂದ 1874ರವರೆಗೆ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡವಾಗಿತ್ತು.

ಲಕ್ಸೆಂಬರ್ಗ್ ದೇಶದಲ್ಲಿ 2020ರಿಂದ ಸಾರ್ವಜನಿಕ ಸಾರಿಗೆ ಎಲ್ಲರಿಗೂ ಉಚಿತವಾಗಿರುವುದರಿಂದ, ಟ್ರಿಯರ್ ಕಡೆಯಿಂದ ಗಡಿ ದಾಟುವ ಪ್ರಾದೇಶಿಕ ರೈಲಿನಲ್ಲಿ ಗಡಿಯವರೆಗೆ ನಿಮ್ಮ ಟಿಕೆಟ್, ಅಲ್ಲಿಂದಾಚೆಗೆ ಅವರ ಔದಾರ್ಯ. ಎರಡನೇ ದರ್ಜೆಯಲ್ಲಿ ಕುಳಿತಿರಬೇಕು, ಅಷ್ಟೆ.

ನಮಗೆ ಜರ್ಮನಿಯ ವೀಸಾ ಇದೆ. ಪಕ್ಕದ ದೇಶಕ್ಕೆ ಬೇರೆ ವೀಸಾ ಬೇಕೇ?

ಷೆಂಗೆನ್ ಒಪ್ಪಂದದ 29 ದೇಶಗಳಲ್ಲಿ ಯಾವುದಕ್ಕೂ ಬೇಡ. ಜರ್ಮನಿಯ ರಾಷ್ಟ್ರೀಯ ವೀಸಾ ಅಥವಾ ನಿವಾಸ ಪರವಾನಗಿಯ ಕಾರ್ಡ್, ಜೊತೆಗೆ ಅವಧಿಯಿರುವ ಪಾಸ್‌ಪೋರ್ಟ್ ಇದ್ದರೆ, ಇತರ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನ ಇರಬಹುದು. ವಾರಾಂತ್ಯದ ಪ್ರವಾಸಗಳಿಂದ ಈ ಮಿತಿ ಮುಟ್ಟುವುದು ಕಷ್ಟ. ಸ್ವಿಟ್ಜರ್‌ಲ್ಯಾಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ. ಬ್ರಿಟನ್ ಮತ್ತು ಐರ್ಲೆಂಡ್ ಎರಡೂ ಅದರ ಹೊರಗಿವೆ. ಆದ್ದರಿಂದ ಯೂರೋಸ್ಟಾರ್ ರೈಲಿನಲ್ಲಿ ಬ್ರಸೆಲ್ಸ್‌ಗೆ ಹೋಗುವುದಕ್ಕೂ ಅದೇ ಕಂಪನಿಯ ರೈಲಿನಲ್ಲಿ ಲಂಡನ್‌ಗೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಲಂಡನ್‌ಗೆ ಬ್ರಿಟನ್ನಿನ ವೀಸಾ ಇಲ್ಲದೆ ನಿಮ್ಮನ್ನು ಹತ್ತಿಸುವುದೇ ಇಲ್ಲ.

ಗಡಿಯಲ್ಲಿ ತಪಾಸಣೆ ಇರುವುದಿಲ್ಲ ಎಂಬ ಹಳೆಯ ಮಾತನ್ನು ನಂಬಿ ಪಾಸ್‌ಪೋರ್ಟನ್ನು ಕೋಣೆಯಲ್ಲಿ ಬಿಟ್ಟು ಹೋಗಬೇಡಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಾತ್ಕಾಲಿಕ ತಪಾಸಣೆಯನ್ನು ಜಾರಿಗೆ ತಂದಿತು. ಸಾಲ್ಜ್‌ಬರ್ಗ್‌ನಿಂದ ಮರಳುವ ರೈಲು ಮೊದಲ ಜರ್ಮನ್ ನಿಲ್ದಾಣವಾದ ಫ್ರೈಲಾಸಿಂಗ್‌ನಲ್ಲಿ ನಿಂತಾಗ ಪೊಲೀಸರು ಬೋಗಿಗೆ ಹತ್ತಿ ಕಾಗದಪತ್ರ ಕೇಳಬಹುದು. ಪಾಸ್‌ಪೋರ್ಟಿನ ಛಾಯಾಪ್ರತಿಯಾಗಲಿ ಮೊಬೈಲಿನಲ್ಲಿರುವ ಚಿತ್ರವಾಗಲಿ ಆಗ ಸಾಲದು.

ನಿವಾಸ ಪರವಾನಗಿ ನವೀಕರಣಕ್ಕೆ ಕೊಟ್ಟು, ಕೈಯಲ್ಲಿ ತಾತ್ಕಾಲಿಕ ಪ್ರಮಾಣಪತ್ರ ಮಾತ್ರ ಇರುವವರು ವಿದೇಶಿಗರ ಕಚೇರಿಯಿಂದ ಸ್ಪಷ್ಟ ಉತ್ತರ ಪಡೆಯುವವರೆಗೆ ಜರ್ಮನಿಯೊಳಗೇ ತಿರುಗಾಡುವುದು ಕ್ಷೇಮ. ನೋಡಲು ಇಲ್ಲಿಯೂ ಕಡಿಮೆಯೇನಿಲ್ಲ.

ಐಸಿಇ ಟಿಕೆಟನ್ನು ಯಾವಾಗ ಕೊಳ್ಳಬೇಕು? ಇಲ್ಲಿಯೂ ವೇಟಿಂಗ್ ಲಿಸ್ಟ್ ಇದೆಯೇ?

ವೇಟಿಂಗ್ ಲಿಸ್ಟ್, ಆರ್‌ಎಸಿ, ತತ್ಕಾಲ್ ಮುಂತಾದ ಯಾವ ಏರ್ಪಾಡೂ ಇಲ್ಲಿಲ್ಲ. ಜರ್ಮನಿಯೊಳಗೆ ಟಿಕೆಟ್ ಬೇರೆ, ಸೀಟಿನ ಕಾಯ್ದಿರಿಸುವಿಕೆ ಬೇರೆ. ಟಿಕೆಟ್ ಇದ್ದರೆ ರೈಲು ಹತ್ತುವ ಹಕ್ಕು ಸಿಗುತ್ತದೆ, ಕೂರಲು ಜಾಗ ಸಿಗುತ್ತದೆಂಬ ಭರವಸೆ ಇರುವುದಿಲ್ಲ. ಶುಕ್ರವಾರ ಮಧ್ಯಾಹ್ನ ಮತ್ತು ಭಾನುವಾರ ಸಂಜೆ ಸೀಟು ಕಾಯ್ದಿರಿಸದೆ ಹೊರಟವರು ಬಾಗಿಲ ಬಳಿ ಚೀಲದ ಮೇಲೆ ಕುಳಿತು ಪ್ರಯಾಣಿಸುವುದು ಸಾಮಾನ್ಯ ದೃಶ್ಯ. ಫ್ರಾನ್ಸಿನ ಅತಿವೇಗದ ಟಿಜಿವಿ ಮತ್ತು ಯೂರೋಸ್ಟಾರ್ ರೈಲುಗಳಲ್ಲಾದರೆ ಸೀಟು ಕಾಯ್ದಿರಿಸುವುದು ಕಡ್ಡಾಯ.

ದರ ಮಾತ್ರ ವಿಮಾನದ ಟಿಕೆಟಿನಂತೆ ದಿನ ಕಳೆದ ಹಾಗೆ ಏರುತ್ತದೆ. ಸ್ಪಾರ್‌ಪ್ರೈಸ್, ಸೂಪರ್ ಸ್ಪಾರ್‌ಪ್ರೈಸ್ ಎಂಬ ರಿಯಾಯಿತಿ ಟಿಕೆಟುಗಳು ಸೀಮಿತ ಸಂಖ್ಯೆಯಲ್ಲಿ ಇರುತ್ತವೆ, ಬೇಗ ಕೊಂಡವರಿಗೆ ಅಗ್ಗವಾಗಿ ಸಿಗುತ್ತವೆ. ಇವು ನಿರ್ದಿಷ್ಟ ರೈಲಿಗೆ ಮಾತ್ರ ಸಲ್ಲುತ್ತವೆ. ಹಿಂದಿನ ಅಥವಾ ಮುಂದಿನ ರೈಲು ಹತ್ತಿದರೆ ಟಿಕೆಟ್ ಇಲ್ಲದವರಂತೆಯೇ ಲೆಕ್ಕ. ಸೂಪರ್ ಸ್ಪಾರ್‌ಪ್ರೈಸ್ ಟಿಕೆಟನ್ನು ರದ್ದು ಮಾಡಿ ಹಣ ಹಿಂಪಡೆಯಲೂ ಆಗುವುದಿಲ್ಲ. ವರ್ಷಕ್ಕೆ ಹಲವು ಬಾರಿ ಐಸಿಇ ಹತ್ತುವ, 27 ತುಂಬದ ವಿದ್ಯಾರ್ಥಿಗಳಿಗೆ ಮೈ ಬಾನ್‌ಕಾರ್ಡ್ 25 ಎಂಬ ವಾರ್ಷಿಕ ರಿಯಾಯಿತಿ ಕಾರ್ಡ್ ಲಾಭದಾಯಕ, ಏಕೆಂದರೆ ಅದರ ಶೇಕಡ 25 ರಿಯಾಯಿತಿ ಈ ಅಗ್ಗದ ಟಿಕೆಟುಗಳ ಮೇಲೂ ಸಿಗುತ್ತದೆ. ಆದರೆ ಅವಧಿ ಮುಗಿಯುವ ನಾಲ್ಕು ವಾರ ಮೊದಲೇ ರದ್ದು ಮಾಡದಿದ್ದರೆ ಅದೂ ಇನ್ನೊಂದು ವರ್ಷಕ್ಕೆ ಮುಂದುವರಿಯುತ್ತದೆ. ಚಂದಾ ವಿಷಯದಲ್ಲಿ ಜರ್ಮನ್ನರು ಬಹಳ ಕಟ್ಟುನಿಟ್ಟು. ಕಾರ್ಡ್ ಕೊಂಡ ದಿನವೇ ರದ್ದತಿಯ ಅರ್ಜಿಯನ್ನೂ ಕಳಿಸಿಬಿಡುವುದು ಜಾಣತನ.

ಇಂಟರ್‌ರೇಲ್ ಪಾಸ್ ಕೊಂಡರೆ ಒಳ್ಳೆಯದಲ್ಲವೇ?

ವಾರಾಂತ್ಯಕ್ಕೆ ಅಲ್ಲ. 1972ರಲ್ಲಿ ಆರಂಭವಾದ ಇಂಟರ್‌ರೇಲ್ ಯುರೋಪಿನ ನಿವಾಸಿಗಳಿಗಾಗಿ ಇರುವ, ಹಲವು ದೇಶಗಳಲ್ಲಿ ನಡೆಯುವ ರೈಲು ಪಾಸ್. ನಿವಾಸ ಪರವಾನಗಿ ಇರುವ ನಿಮಗೂ ಸಿಗುತ್ತದೆ, 27 ವರ್ಷದವರೆಗೆ ರಿಯಾಯಿತಿಯೂ ಇದೆ. ಆದರೆ ನೀವು ವಾಸವಿರುವ ದೇಶದೊಳಗೆ ಅದನ್ನು ಹೊರಹೋಗಲು ಒಂದು ದಿನ, ಮರಳಲು ಒಂದು ದಿನ ಮಾತ್ರ ಬಳಸಬಹುದು. ಜೊತೆಗೆ ಟಿಜಿವಿ, ಯೂರೋಸ್ಟಾರ್ ಮತ್ತು ರಾತ್ರಿ ರೈಲುಗಳಲ್ಲಿ ಸೀಟಿಗೆ ಪ್ರತ್ಯೇಕ ಶುಲ್ಕ ಕೊಡಬೇಕು. ಸೆಮಿಸ್ಟರ್ ರಜೆಯಲ್ಲಿ ಮೂರು ನಾಲ್ಕು ದೇಶಗಳನ್ನು ಒಂದೇ ಓಟದಲ್ಲಿ ನೋಡುವವರಿಗೆ ಇದು ತಕ್ಕದ್ದು.

ಎರಡು ದಿನದಲ್ಲಿ ಎಷ್ಟು ದೂರ ಹೋಗುವುದು ಸರಿ?

ದೂರವನ್ನು ಕಿಲೋಮೀಟರ್‌ಗಳಲ್ಲಿ ಅಳೆಯುವುದಕ್ಕಿಂತ ಭಾನುವಾರದ ಮರುಪ್ರಯಾಣದಿಂದ ಅಳೆಯಬೇಕು. ಊರು ಆರಿಸುವ ಮೊದಲು ಅಲ್ಲಿಂದ ಮರಳುವ ರೈಲುಗಳನ್ನು ನೋಡಿ: ನೀವು ಹಿಡಿಯಬೇಕೆಂದಿರುವ ರೈಲು ತಪ್ಪಿದರೆ ಅದೇ ರಾತ್ರಿ ಮನೆ ಮುಟ್ಟಿಸುವ ಇನ್ನೊಂದು ರೈಲು ಇದೆಯೇ? ಇಲ್ಲವೆಂದಾದರೆ ಆ ಊರು ವಾರಾಂತ್ಯಕ್ಕೆ ದೂರವಾಯಿತು ಎಂದೇ ತಿಳಿಯಬೇಕು, ನಕ್ಷೆಯಲ್ಲಿ ಎಷ್ಟೇ ಹತ್ತಿರ ಕಂಡರೂ.

ಜರ್ಮನ್ ರೈಲುಗಳು ಗಡಿಯಾರದ ಮುಳ್ಳಿನಂತೆ ಓಡುತ್ತವೆ ಎಂದು ನಮ್ಮೂರಲ್ಲಿ ಇನ್ನೂ ಹೇಳುವವರಿದ್ದಾರೆ. ಜರ್ಮನ್ ರೈಲ್ವೆಯಾದ ಡಾಯ್ಚ ಬಾನ್ (ಡಿಬಿ) ಸಂಸ್ಥೆಯ ಲೆಕ್ಕದಲ್ಲೇ 2024ರಲ್ಲಿ ಸಮಯಕ್ಕೆ ಸರಿಯಾಗಿ ಬಂದ ದೂರಪ್ರಯಾಣದ ರೈಲುಗಳು ಶೇಕಡ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ವಿಳಂಬವನ್ನು ವಿಳಂಬವೆಂದೇ ಎಣಿಸದೆ. ವರ್ಷಗಟ್ಟಲೆ ದುರಸ್ತಿ ಕಾಣದ ಹಳಿಗಳನ್ನು ಈಗ ಒಂದೊಂದೇ ಮಾರ್ಗವಾಗಿ ತಿಂಗಳುಗಟ್ಟಲೆ ಮುಚ್ಚಿ ಸರಿಪಡಿಸಲಾಗುತ್ತಿದೆ; ಫ್ರಾಂಕ್‌ಫರ್ಟ್ ಮತ್ತು ಮಾನ್‌ಹೈಮ್ ನಡುವಿನ ಮಾರ್ಗ 2024ರ ಜುಲೈ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಪೂರ್ತಿ ಮುಚ್ಚಿತ್ತು. ಮುಚ್ಚಿದ ಮಾರ್ಗದಲ್ಲಿ ರೈಲಿನ ಬದಲು ಬಸ್ಸು ಓಡುತ್ತದೆ, ಪ್ರಯಾಣದ ಸಮಯ ಹೆಚ್ಚುತ್ತದೆ. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಇನ್ನೊಮ್ಮೆ ನೋಡಬೇಕು, ರೈಲು ಬದಲಾಯಿಸುವ ಕಡೆ ಆ್ಯಪ್ ತೋರಿಸುವ ಏಳೆಂಟು ನಿಮಿಷಗಳನ್ನು ನೆಚ್ಚದೆ ಅರ್ಧ ಗಂಟೆ ಇಟ್ಟುಕೊಳ್ಳಬೇಕು.

ನನ್ನ ಅಭಿಪ್ರಾಯದಲ್ಲಿ ಒಂದು ಕಡೆಗೆ ನಾಲ್ಕು ಗಂಟೆ ಮೀರಿದರೆ ಅದು ವಾರಾಂತ್ಯದ ಪ್ರವಾಸವೇ ಅಲ್ಲ. ರಾಜಧಾನಿಗಳ ಪಟ್ಟಿ ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತ ಹೋಗುವವರು ನೋಡುವುದು ಹೆಚ್ಚಾಗಿ ನಿಲ್ದಾಣಗಳನ್ನೇ.

ಹಾಗಾದರೆ ಮೊದಲು ಎಲ್ಲಿಗೆ ಹೋಗಬೇಕು?

ನೀವಿರುವ ಊರಿನಿಂದ ಪ್ರಾದೇಶಿಕ ರೈಲು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ. ಕೆಲವು ಉದಾಹರಣೆಗಳನ್ನು ಮಾತ್ರ ಕೊಡುತ್ತೇನೆ.

ಫ್ರಾಂಕ್‌ಫರ್ಟ್, ಮೈಂಜ್, ಡಾರ್ಮ್‌ಸ್ಟಾಟ್ ಸುತ್ತಮುತ್ತ ಇರುವವರು ಮೈಂಜ್‌ನಿಂದ ಕೋಬ್ಲೆಂಜ್‌ಗೆ ರೈನ್ ನದಿಯ ಎಡದಂಡೆಯಲ್ಲಿ ಹೋಗುವ ಆರ್‌ಬಿ 26 ಹಿಡಿಯಬೇಕು. ಐಸಿಇ ಇದಕ್ಕಿಂತ ಬೇಗ ಮುಟ್ಟಿಸುತ್ತದೆ, ಆದರೆ ಇಲ್ಲಿ ಬೇಗ ಮುಟ್ಟಿ ಮಾಡುವುದೇನಿದೆ? ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ ಬಲಬದಿಯ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಬಿಂಗೆನ್ ದಾಟಿದ ಮೇಲೆ ಬೆಟ್ಟಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ, ಹಳಿ ನೀರಿನ ಅಂಚಿಗೇ ಸರಿಯುತ್ತದೆ. ಎದುರು ದಂಡೆಯ ಕಡಿದಾದ ಇಳಿಜಾರುಗಳಲ್ಲಿ ದ್ರಾಕ್ಷಿ ತೋಟಗಳು, ಪ್ರತಿ ತಿರುವಿಗೊಂದು ಕೋಟೆ, ಕೆಳಗೆ ನಮ್ಮ ರೈಲಿನ ಜೊತೆಗೇ ಹೊರಟಂತೆ ಕಾಣುವ ಉದ್ದನೆಯ ಸರಕು ದೋಣಿಗಳು. ಕೌಬ್ ಊರಿನ ಎದುರು ನದಿಯ ನಡುವಿನ ನಡುಗಡ್ಡೆಯಲ್ಲಿ ಬಿಳಿ ಗೋಡೆಯ ಪುಟ್ಟ ಕೋಟೆಯೊಂದು ನಿಂತಿದೆ. ದೋಣಿಗಳಿಂದ ಸುಂಕ ವಸೂಲಿ ಮಾಡಲೆಂದೇ ಅದನ್ನು ಕಟ್ಟಿದ್ದು. ಸ್ವಲ್ಪ ಮುಂದೆ ಲೋರೆಲೈ ಬಂಡೆ ನೀರಿನಿಂದ ನೆಟ್ಟಗೆ 132 ಮೀಟರ್ ಎದ್ದಿದೆ. ಈ ಕಣಿವೆಯಲ್ಲಿ ನದಿಗೆ ಸೇತುವೆಗಳೇ ಇಲ್ಲದಿರುವುದರಿಂದ ಆಚೆ ದಂಡೆಗೆ ಹೋಗಲು ದೋಣಿಯೇ ಗತಿ. 2002ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ದಾರಿಯಲ್ಲಿ ಬಾಖರಾಖ್‌ನಲ್ಲಿಯೋ ಬೊಪ್ಪಾರ್ಡ್‌ನಲ್ಲಿಯೋ ಇಳಿದು, ಎರಡು ಗಂಟೆ ನಡೆದಾಡಿ, ಹಿಂದೆ ಬರುವ ಇನ್ನೊಂದು ರೈಲು ಹತ್ತಬಹುದು. ನಿರ್ದಿಷ್ಟ ರೈಲಿಗೆ ಕಟ್ಟಿಹಾಕದ ಟಿಕೆಟಿನ ಸುಖ ಅಲ್ಲಿ ಗೊತ್ತಾಗುತ್ತದೆ.

ಟ್ರಿಯರ್‌ನಲ್ಲಿ ರೋಮನ್ನರು ಕಟ್ಟಿದ ಪೋರ್ಟಾ ನಿಗ್ರಾ ಹೆಬ್ಬಾಗಿಲನ್ನು ನೋಡಿ, ಅಲ್ಲಿಂದ ಮೊಸೆಲ್ ನದಿಯ ಪಕ್ಕದಲ್ಲಿ ಪೆರ್ಲ್ ಎಂಬ ಪುಟ್ಟ ಊರಿಗೆ ರೈಲಿನಲ್ಲಿ ಹೋಗಬಹುದು. ನಿಲ್ದಾಣದಿಂದ ನಡೆದು ಸೇತುವೆ ದಾಟಿದರೆ ಆಚೆಗಿರುವುದೇ ಲಕ್ಸೆಂಬರ್ಗ್‌ನ ಷೆಂಗೆನ್ ಗ್ರಾಮ. ವೀಸಾ ಅರ್ಜಿಗಳಲ್ಲಿ ನಾವೆಲ್ಲ ಭಯಭಕ್ತಿಯಿಂದ ಓದುವ ಆ ಹೆಸರಿನ ಒಪ್ಪಂದಕ್ಕೆ 1985ರ ಜೂನ್ 14ರಂದು ಇದೇ ನದಿಯಲ್ಲಿ ಹಡಗೊಂದರ ಮೇಲೆ ಸಹಿ ಬಿದ್ದಿತು. ಫ್ರಾನ್ಸ್ ಕೂಡ ಅಲ್ಲಿಂದ ನಡಿಗೆಯ ದೂರದಲ್ಲಿದೆ.

ಡ್ರೆಸ್ಡನ್‌ನಲ್ಲಿ ಓದುವವರು ಎಸ್ 1 ರೈಲಿನಲ್ಲಿ ಕುರೋರ್ಟ್ ರಾಥೆನ್‌ನಲ್ಲಿ ಇಳಿದು, ಎಲ್ಬೆ ನದಿಯನ್ನು ದೋಣಿಯಲ್ಲಿ ದಾಟಿ, ಮರಳುಗಲ್ಲಿನ ಕಂಬಗಳ ನಡುವೆ 1851ರಲ್ಲಿ ಕಟ್ಟಿದ ಬಾಸ್ಟೈ ಸೇತುವೆಗೆ ಹತ್ತಬಹುದು. ಅವರಿಗೆ ಪ್ರಾಗ್ ಕೂಡ ಎರಡೂವರೆ ಗಂಟೆಯೊಳಗಿನ ದಾರಿ, ಆದರೆ ಆ ರೈಲಿಗೆ ಪ್ರತ್ಯೇಕ ಟಿಕೆಟ್ ಬೇಕು. ಆಖೆನ್‌ನವರಿಗೆ ಬೆಲ್ಜಿಯಂನ ಲಿಯೇಜ್ ಪಕ್ಕದ ಊರು ಇದ್ದಂತೆ. ಸಾಂತಿಯಾಗೊ ಕಲಾತ್ರಾವಾ ವಿನ್ಯಾಸಗೊಳಿಸಿದ, 2009ರಲ್ಲಿ ತೆರೆದ ಅಲ್ಲಿನ ಗಾಜು ಮತ್ತು ಉಕ್ಕಿನ ನಿಲ್ದಾಣವನ್ನು ನೋಡಲೆಂದೇ ಒಮ್ಮೆ ಹೋಗಬಹುದು.

ರೈಲು ಹತ್ತುವಾಗ ವಿಶೇಷವಾಗಿ ಗಮನಿಸಬೇಕಾದುದು ಏನಾದರೂ ಇದೆಯೇ?

ಇದೆ. ಇಲ್ಲಿನ ಹಲವು ರೈಲುಗಳು ದಾರಿಯಲ್ಲಿ ಒಡೆದು ಬೇರೆ ಬೇರೆ ಊರುಗಳಿಗೆ ಹೋಗುತ್ತವೆ. ಮ್ಯೂನಿಕ್‌ನಿಂದ ಟೆಗರ್ನ್‌ಸೇ ಸರೋವರದ ಕಡೆಗೆ ಹೊರಡುವ ರೈಲಿನ ಒಂದು ಭಾಗ ಹೋಲ್ಜ್‌ಕಿರ್ಖೆನ್‌ನಲ್ಲಿ ಕಳಚಿಕೊಂಡು ಬೈರಿಷ್‌ಜೆಲ್‌ಗೆ ಹೋಗುತ್ತದೆ. ಉಳಿದದ್ದು ಷಾಫ್ಟ್‌ಲಾಖ್‌ನಲ್ಲಿ ಮತ್ತೆ ಎರಡಾಗುತ್ತದೆ. ಹಿಂದಿನ ಬೋಗಿ ಖಾಲಿಯಿದೆಯೆಂದು ಅಲ್ಲಿ ಕುಳಿತವರು ಸರೋವರದ ಬದಲು ಬೆಟ್ಟದ ಬುಡ ತಲುಪುತ್ತಾರೆ. ಪ್ಲಾಟ್‌ಫಾರಂ ಫಲಕದಲ್ಲಿ ಎ, ಬಿ, ಸಿ ಎಂದು ವಿಭಾಗಗಳನ್ನೂ, ಬೋಗಿಯ ಬಾಗಿಲ ಬಳಿ ಅದು ತಲುಪುವ ಊರನ್ನೂ ತೋರಿಸಿರುತ್ತಾರೆ.

ಇಟಲಿಯಲ್ಲಿ ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳುತ್ತದೆ.

ರಾತ್ರಿ ರೈಲಿನಲ್ಲಿ ಹೋದರೆ ವಾಸ್ತವ್ಯದ ಖರ್ಚು ಉಳಿಯುವುದಿಲ್ಲವೇ?

ಉಳಿಯುತ್ತದೆ, ನಿದ್ದೆ ಬಂದರೆ. ಡಾಯ್ಚ ಬಾನ್ 2016ರ ಡಿಸೆಂಬರ್‌ನಲ್ಲಿ ತನ್ನ ಸ್ಲೀಪರ್ ರೈಲುಗಳನ್ನು ನಿಲ್ಲಿಸಿದಾಗ ಆಸ್ಟ್ರಿಯಾದ ರೈಲ್ವೆ ಅವುಗಳಲ್ಲಿ ಹಲವನ್ನು ವಹಿಸಿಕೊಂಡು ನೈಟ್‌ಜೆಟ್ ಹೆಸರಿನಲ್ಲಿ ನಡೆಸತೊಡಗಿತು. ಅದರಲ್ಲಿ ಕೂರುವ ಸೀಟು, ನಾಲ್ಕು ಅಥವಾ ಆರು ಜನರ ಬರ್ತ್‌ಗಳ ಕೋಣೆ, ಹಾಸಿಗೆಯಿರುವ ಸ್ಲೀಪರ್ ಎಂದು ಮೂರು ಬಗೆಗಳಿವೆ. ನಮ್ಮ ಸ್ಲೀಪರ್ ಕ್ಲಾಸ್‌ನಲ್ಲಿ ಮಲಗಿ ಬೆಳೆದವರಿಗೆ ಬರ್ತ್ ಕೋಣೆ ಸಾಕಷ್ಟು ಆರಾಮವೇ. ಅಗ್ಗವೆಂದು ಕೂರುವ ಸೀಟನ್ನು ಆರಿಸಿಕೊಂಡರೆ ಮರುದಿನ ರೋಮ್‌ನಲ್ಲಿ ತಿರುಗಾಡುವ ಬದಲು ಉದ್ಯಾನದ ಬೆಂಚಿನಲ್ಲಿ ತೂಕಡಿಸಬೇಕಾಗುತ್ತದೆ. ಶುಕ್ರವಾರ ರಾತ್ರಿ ಹೋಗುವುದಕ್ಕೆ ರಾತ್ರಿ ರೈಲು ಚೆನ್ನ. ಸೋಮವಾರ ಬೆಳಿಗ್ಗೆ ಎಂಟರ ತರಗತಿಗೆ ನೇರವಾಗಿ ಮರಳಲು ಅದನ್ನು ನೆಚ್ಚಬಾರದು.

ರೈಲು ತಡವಾದರೆ ಹಣ ಮರಳಿ ಸಿಗುತ್ತದೆಯೇ?

ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ತಲುಪಬೇಕಾದ ಊರಿಗೆ 60 ನಿಮಿಷ ತಡವಾದರೆ ಟಿಕೆಟ್ ದರದ ಶೇಕಡ 25, 120 ನಿಮಿಷ ತಡವಾದರೆ ಶೇಕಡ 50 ಪರಿಹಾರವಾಗಿ ಸಿಗುತ್ತದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಪರಿಷ್ಕೃತ ನಿಯಮದಂತೆ, ಅಸಾಧಾರಣ ಹವಾಮಾನದಂತಹ ರೈಲ್ವೆಯ ಕೈಮೀರಿದ ಕಾರಣಗಳಿದ್ದರೆ ಪರಿಹಾರ ಕೊಡಬೇಕಾಗಿಲ್ಲ. ಅರ್ಜಿಯನ್ನು ಆ್ಯಪ್‌ನಲ್ಲೇ ಮೂರು ತಿಂಗಳೊಳಗೆ ಸಲ್ಲಿಸಬಹುದು. ನಾಲ್ಕು ಯೂರೊಗಿಂತ ಕಡಿಮೆ ಮೊತ್ತವನ್ನು ಕೊಡುವುದಿಲ್ಲ. ಡಾಯ್ಚ್‌ಲಾಂಡ್ ಟಿಕೆಟ್ ಇರುವವರಿಗೆ ಪ್ರತಿ ಒಂದು ಗಂಟೆಯ ವಿಳಂಬಕ್ಕೆ ಸಿಗುವುದು ಒಂದೂವರೆ ಯೂರೊ ಮಾತ್ರವಾದ್ದರಿಂದ, ಅಂತಹ ಮೂರು ವಿಳಂಬಗಳನ್ನು ಕೂಡಿಸಿ ಅರ್ಜಿ ಹಾಕಬೇಕು.

ಹಣಕ್ಕಿಂತ ಮುಖ್ಯವಾದ ಹಕ್ಕುಗಳು ಬೇರೆ ಇವೆ. ಕನಿಷ್ಠ 20 ನಿಮಿಷ ತಡವಾಗಿ ತಲುಪುವುದು ಖಚಿತವಾದರೆ ಸ್ಪಾರ್‌ಪ್ರೈಸ್ ಟಿಕೆಟಿನ ನಿರ್ದಿಷ್ಟ ರೈಲಿನ ಕಟ್ಟು ಸಡಿಲಗೊಳ್ಳುತ್ತದೆ, ಬೇರೆ ರೈಲು ಹಿಡಿಯಬಹುದು. ದಿನದ ಕೊನೆಯ ರೈಲು ರದ್ದಾಗಿ ಮಧ್ಯರಾತ್ರಿಯೊಳಗೆ ಊರು ಸೇರಲು ಬೇರೆ ದಾರಿಯಿಲ್ಲದಿದ್ದರೆ, ರೈಲ್ವೆಯೇ ವ್ಯವಸ್ಥೆ ಮಾಡದ ಪಕ್ಷದಲ್ಲಿ 120 ಯೂರೊವರೆಗಿನ ಟ್ಯಾಕ್ಸಿ ಖರ್ಚನ್ನು ಕೇಳಬಹುದು, ರಸೀದಿ ಬೇಕು. ಆದರೆ ಪ್ರಾದೇಶಿಕ ರೈಲು ತಡವಾಯಿತೆಂದು ಡಾಯ್ಚ್‌ಲಾಂಡ್ ಟಿಕೆಟ್ ಹಿಡಿದು ಐಸಿಇ ಹತ್ತುವಂತಿಲ್ಲ. ಪ್ರಾದೇಶಿಕ ರೈಲಿನಲ್ಲಿ ದೊಡ್ಡ ನಿಲ್ದಾಣಕ್ಕೆ ಬಂದು ಅಲ್ಲಿಂದ ಅಗ್ಗದ ಐಸಿಇ ಟಿಕೆಟಿನಲ್ಲಿ ಹೊರಡುವವರು ಈ ಎರಡೂ ಪ್ರತ್ಯೇಕ ಟಿಕೆಟುಗಳು ಎಂಬುದನ್ನು ನೆನಪಿಟ್ಟು, ಬೇಕಾದುದಕ್ಕಿಂತ ಒಂದು ಮುಂಚಿನ ಪ್ರಾದೇಶಿಕ ರೈಲನ್ನೇ ಹಿಡಿಯಬೇಕು.

ಸಸ್ಯಾಹಾರಿಗಳು ಊಟಕ್ಕೆ ಏನು ಮಾಡಬೇಕು?

ಬುತ್ತಿ ಕಟ್ಟಿಕೊಂಡು ಹೋಗಬೇಕು. ರೈಲಿನಲ್ಲಿ ತಿನ್ನುವುದಕ್ಕೆ ಅಡ್ಡಿಯಿಲ್ಲ. ಚಿತ್ರಾನ್ನ, ಪುಳಿಯೋಗರೆ, ಚಪಾತಿ ಮತ್ತು ಚಟ್ನಿಪುಡಿ ಎರಡು ಹೊತ್ತಿಗೆ ಕೆಡುವುದಿಲ್ಲ. ಮುಚ್ಚಿದ ಬೋಗಿಯಲ್ಲಿ ಸಾಂಬಾರಿನ ಡಬ್ಬಿ ತೆರೆಯದಿರುವುದು ಸೌಜನ್ಯ. ನಿಲ್ದಾಣದ ಬೇಕರಿಗಳಲ್ಲಿ ಬೆಣ್ಣೆ ಸವರಿದ ಬ್ರೆಟ್ಸೆಲ್, ಹೊರಗೆ ಫಲಾಫೆಲ್ ಎಲ್ಲ ಊರುಗಳಲ್ಲೂ ಸಿಗುತ್ತದೆ. ಭಾನುವಾರ ಜರ್ಮನಿಯ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ದೊಡ್ಡ ನಿಲ್ದಾಣಗಳೊಳಗಿನ ಸೂಪರ್‌ಮಾರ್ಕೆಟ್‌ಗಳು ಮಾತ್ರ ತೆರೆದಿರುತ್ತವೆ. ನಲ್ಲಿಯ ನೀರು ಕುಡಿಯಲು ಯೋಗ್ಯ, ಆದರೆ ರೈಲಿನ ಶೌಚಾಲಯದ ನೀರನ್ನು ಬಾಟಲಿಗೆ ತುಂಬಿಕೊಳ್ಳಬಾರದು. ಕೊಂಡ ಪ್ಲಾಸ್ಟಿಕ್ ಬಾಟಲಿಯನ್ನು ಎಸೆಯಬೇಡಿ. ಅದಕ್ಕೆ ಕೊಟ್ಟ 25 ಸೆಂಟ್ ಠೇವಣಿ ಸೂಪರ್‌ಮಾರ್ಕೆಟ್‌ನ ಯಂತ್ರದಲ್ಲಿ ಮರಳಿ ಸಿಗುತ್ತದೆ.

ಪ್ರವಾಸದಲ್ಲಿ ಕಾಯಿಲೆ ಬಿದ್ದರೆ? ಫೋನ್ ಮತ್ತು ಹಣದ ವಿಷಯವೇನು?

ಜರ್ಮನಿಯ ಸಾರ್ವಜನಿಕ ವಿಮೆ ಇರುವವರ ಕಾರ್ಡಿನ ಹಿಂಬದಿಯೇ ಐರೋಪ್ಯ ಆರೋಗ್ಯ ವಿಮಾ ಕಾರ್ಡ್. ಫ್ರಾನ್ಸ್, ಬೆಲ್ಜಿಯಂ, ಆಸ್ಟ್ರಿಯಾ ಮುಂತಾದ ಕಡೆ ತುರ್ತು ಚಿಕಿತ್ಸೆಗೆ ಅದನ್ನು ತೋರಿಸಬಹುದು. ಆದರೆ ಸ್ವಿಟ್ಜರ್‌ಲ್ಯಾಂಡ್, ಡೆನ್ಮಾರ್ಕ್ ಮುಂತಾದ ಕೆಲವು ದೇಶಗಳಲ್ಲಿ ಅದು ಭಾರತೀಯ ಪಾಸ್‌ಪೋರ್ಟಿನವರಿಗೆ ಅನ್ವಯಿಸುವುದಿಲ್ಲ. ಅಲ್ಲಿಗೆ ಹೊರಡುವ ಮುನ್ನ ಸಣ್ಣ ಪ್ರವಾಸ ವಿಮೆಯೊಂದನ್ನು ಮಾಡಿಸಿಕೊಳ್ಳಬೇಕು. ಖಾಸಗಿ ವಿಮೆ ಇರುವವರು ತಮ್ಮ ಕರಾರುಪತ್ರವನ್ನು ಓದಬೇಕು. ತುರ್ತು ಕರೆಗೆ ಎಲ್ಲ ಕಡೆಯೂ 112.

2017ರಿಂದ ಒಕ್ಕೂಟದ ದೇಶಗಳಲ್ಲಿ ರೋಮಿಂಗ್‌ಗೆ ಹೆಚ್ಚುವರಿ ಶುಲ್ಕವಿಲ್ಲ, ಆದರೆ ಸ್ವಿಟ್ಜರ್‌ಲ್ಯಾಂಡ್ ಈ ನಿಯಮದ ಹೊರಗಿದೆ. ಬಾಸೆಲ್ ಹತ್ತಿರವಾಗುತ್ತಿದ್ದಂತೆ ಡೇಟಾ ನಿಲ್ಲಿಸಿ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಸ್ವಿಟ್ಜರ್‌ಲ್ಯಾಂಡ್, ಚೆಕ್, ಪೋಲೆಂಡ್, ಹಂಗೇರಿ, ಡೆನ್ಮಾರ್ಕ್‌ಗಳಲ್ಲಿ ಯೂರೊ ಅಲ್ಲದ ಸ್ವಂತ ನಾಣ್ಯವಿದೆ. ಕಾರ್ಡ್ ಯಂತ್ರ ಯೂರೊ ಬೇಕೋ ಸ್ಥಳೀಯ ನಾಣ್ಯ ಬೇಕೋ ಎಂದು ಕೇಳಿದಾಗ ಸ್ಥಳೀಯ ನಾಣ್ಯವನ್ನೇ ಆರಿಸಬೇಕು; ಯೂರೊ ಎಂದರೆ ಯಂತ್ರದವರ ವಿನಿಮಯ ದರಕ್ಕೆ ಒಪ್ಪಿದಂತೆ.

ಒಂಟಿಯಾಗಿ ಹೋಗುವುದು ಸುರಕ್ಷಿತವೇ?

ಹೆಣ್ಣುಮಕ್ಕಳೂ ಸೇರಿದಂತೆ ಬಹಳ ಜನ ಒಂಟಿಯಾಗಿಯೇ ಹೋಗುತ್ತಾರೆ. ಪ್ಯಾರಿಸ್‌ನ ಗಾರ್ ದು ನೋರ್, ಬ್ರಸೆಲ್ಸ್ ಮಿಡಿ, ರೋಮ್‌ನ ತೆರ್ಮಿನಿಯಂತಹ ನಿಲ್ದಾಣಗಳಲ್ಲಿ ಜೇಬುಗಳ್ಳರ ಕಾಟವಿದೆ. ರೈಲಿನ ಬಾಗಿಲು ಮುಚ್ಚುವ ಕ್ಷಣದಲ್ಲಿ ತಲೆಯ ಮೇಲಿನ ಅಟ್ಟದಿಂದ ಚೀಲ ಎತ್ತಿಕೊಂಡು ಇಳಿದುಬಿಡುವುದು ಅವರ ಹಳೆಯ ವಿದ್ಯೆ. ಪಾಸ್‌ಪೋರ್ಟ್ ಮತ್ತು ನಿವಾಸ ಕಾರ್ಡ್ ಮೈಮೇಲೆಯೇ ಇರಲಿ. ಗೊತ್ತಿಲ್ಲದ ಊರನ್ನು ರಾತ್ರಿ ಹತ್ತರ ನಂತರ ತಲುಪುವಂತೆ ಯೋಜಿಸದಿದ್ದರೆ ಅರ್ಧ ಆತಂಕ ಕಡಿಮೆಯಾಗುತ್ತದೆ.

ಊರಿಂದ ಅಪ್ಪ ಅಮ್ಮ ಬಂದಾಗ ಅವರಿಗೆ ಯಾವ ಟಿಕೆಟ್?

ಒಂದೆರಡು ದಿನದ ಸುತ್ತಾಟಕ್ಕೆ ರಾಜ್ಯವಾರು ಲೆಂಡರ್ ಟಿಕೆಟುಗಳು ಅನುಕೂಲ. ಉದಾಹರಣೆಗೆ ಬವೇರಿಯಾ ರಾಜ್ಯದ ಬೈಯರ್ನ್ ಟಿಕೆಟಿನಲ್ಲಿ ಐದು ಜನರವರೆಗೆ ಒಟ್ಟಿಗೆ ಹೋಗಬಹುದು. ಜನ ಹೆಚ್ಚಿದಂತೆ ತಲಾ ಖರ್ಚು ಇಳಿಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರಿಂದ, ಶನಿವಾರ ಮತ್ತು ಭಾನುವಾರ ಮಧ್ಯರಾತ್ರಿಯಿಂದಲೇ ಅದು ಸಲ್ಲುತ್ತದೆ, ಸಾಲ್ಜ್‌ಬರ್ಗ್‌ಗೂ ನಡೆಯುತ್ತದೆ. ತಿಂಗಳು ಪೂರ್ತಿ ಇರುವವರಿಗೆ ಡಾಯ್ಚ್‌ಲಾಂಡ್ ಟಿಕೆಟನ್ನೇ ಕೊಡಿಸಿ, 10ನೇ ತಾರೀಖಿನೊಳಗೆ ರದ್ದು ಮಾಡಬಹುದು. ಅವರು ಯುರೋಪಿನ ನಿವಾಸಿಗಳಲ್ಲವಾದ್ದರಿಂದ ಪಾಸ್ ಬೇಕಿದ್ದರೆ ಯೂರೇಲ್ ಕೊಳ್ಳಬೇಕೇ ಹೊರತು ಇಂಟರ್‌ರೇಲ್ ಅಲ್ಲ. ಹಿರಿಯರ ಜೊತೆ ಹೋಗುವಾಗ ರೈಲು ಬದಲಾಯಿಸದ ದಾರಿಯನ್ನೇ ಆರಿಸಿ, ನಿಲ್ದಾಣದ ಶೌಚಾಲಯಕ್ಕೆ ಒಂದೊಂದು ಯೂರೊ ನಾಣ್ಯಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳಿ.

ತಪಾಸಣೆ ಮಾಡುವವರು ಬಂದಾಗ ಮೊಬೈಲ್ ಚಾರ್ಜ್ ಮುಗಿದಿದ್ದರೆ?

ಟಿಕೆಟ್ ಇಲ್ಲವೆಂದೇ ಪರಿಗಣಿಸಿ ಹೆಸರು ವಿಳಾಸ ಬರೆದುಕೊಂಡು ಚೀಟಿ ಕೊಡುತ್ತಾರೆ. ದಂಡ 60 ಯೂರೊ. ಆದರೆ ನಿಮ್ಮ ಹೆಸರಿನ ಟಿಕೆಟ್ ಆ ದಿನ ಚಾಲ್ತಿಯಲ್ಲಿತ್ತು ಎಂಬುದನ್ನು ಒಂದು ವಾರದೊಳಗೆ ತೋರಿಸಿದರೆ ಅದು 7 ಯೂರೊಗೆ ಇಳಿಯುತ್ತದೆ. ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು, ಅದರಲ್ಲಿ ಬರೆದಿರುವ ಕಚೇರಿಗೆ ಸೋಮವಾರವೇ ಟಿಕೆಟಿನ ಪ್ರತಿ ಕಳಿಸಿಬಿಡಿ. ಚೀಟಿಯ ಮೇಲಿನ ಸಂಖ್ಯೆಯನ್ನು ಪತ್ರದಲ್ಲಿ ಬರೆಯುವುದನ್ನು ಮರೆಯಬೇಡಿ.